ಹಲ್ಲಿಯ ಜಾತಕ

“ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಹೋಗಿ ಬಚ್ಚಲಿಗೆ ಬಿತ್ತಂತೆ” ಎಂಬ ಗಾದೆಯನ್ನು ಕೇಳದ ಕನ್ನಡಿಗರು ಅಪರೂಪ. ಪರರಿಗೆ ಬುದ್ಧಿ ಹೇಳಿ ತಾನೇ ಎಡವುವವನನ್ನು ಹಂಗಿಸಲು ನಮ್ಮ ಹಿರಿಯರು ಕಟ್ಟಿದ ಮಾತು ಅದು. ತರಗತಿಯಲ್ಲಿ ಗಾದೆಗಳ ಪ್ರಸ್ತಾಪ ಬಂದಾಗಲೆಲ್ಲ ನಾನು ಅದನ್ನು ಉದಾಹರಿಸುವುದುಂಟು. ಹುಡುಗರು ನಗುವುದೂ ಉಂಟು. ಆದರೆ ಗಾದೆಯೊಳಗಿನ ಆ ಬಡಪ್ರಾಣಿಯ ಕಡೆಗೆ ನಿಂತು ಒಮ್ಮೆಯಾದರೂ ಯೋಚಿಸಿದವನು ನಾನಲ್ಲ. ಕಳೆದ ಬೇಸಗೆಯಲ್ಲಿ ಒಂದು ಹುಣಸೆಯ ಮರ ನನ್ನಿಂದ ಆ ಕೆಲಸವನ್ನು ಮಾಡಿಸಿತು. ಆ ಕಥೆಯನ್ನೇ ಈ ವಾರ ವಾಚಕರ ಮುಂದೆ ಇಡುತ್ತಿದ್ದೇನೆ.

ನಾನು ಇರುವುದು ವೈಟ್‌ಫೀಲ್ಡಿನಲ್ಲಿ. ಆ ಹೆಸರನ್ನು ಕೇಳಿದೊಡನೆ ಗಾಜಿನ ಗೋಪುರಗಳೂ ಮುಗಿಯದ ವಾಹನಗಳ ಸಾಲೂ ವಾಚಕರ ಕಣ್ಣಿಗೆ ಕಟ್ಟುವುದು ಸಹಜ. ಆದರೆ ಈ ಊರಿನ ಹುಟ್ಟು ಬೇರೆ ಬಗೆಯದು. 1882ರಲ್ಲಿ ಮೈಸೂರಿನ ಹತ್ತನೆಯ ಚಾಮರಾಜೇಂದ್ರ ಒಡೆಯರು ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘಕ್ಕೆ 3,900 ಎಕರೆ ಭೂಮಿಯನ್ನು ದಯಪಾಲಿಸಿದರು. ಸಂಘದ ಮುಖಂಡರಾಗಿದ್ದ ಡಿ. ಎಸ್. ವೈಟ್ ಎಂಬವರ ಹೆಸರೇ ನೆಲಕ್ಕೂ ನಿಂತಿತು. ದುಂಡಗಿನ ಬೀದಿ, ಅದರ ಸುತ್ತ ಹೆಂಚಿನ ಬಂಗಲೆಗಳು, ಬಂಗಲೆಗಳ ಸುತ್ತ ವಿಶಾಲವಾದ ಹಿತ್ತಿಲುಗಳು, ಹಿತ್ತಿಲುಗಳಲ್ಲಿ ಮಾವು, ಹುಣಸೆ, ಹಲಸು: ಊರಿನ ರೂಪ ಬಹುಕಾಲ ಇಷ್ಟೇ. ತೊಂಬತ್ತರ ದಶಕದಲ್ಲಿ ತಂತ್ರಜ್ಞಾನ ಉದ್ಯಾನ ಬಂದಿತು. 2023ರ ಮಾರ್ಚ್ ತಿಂಗಳಲ್ಲಿ ಮೆಟ್ರೊ ರೈಲು ಕಾಡುಗೋಡಿಯವರೆಗೆ ಬಂದು ಮುಟ್ಟಿತು. ಹೆಸರಿನಲ್ಲಿ ಕಾಡನ್ನು ಇಟ್ಟುಕೊಂಡ ಊರಿಗೆ ಮರವೊಂದು ಉಳಿದರೆ ಅದೇ ದೊಡ್ಡ ಸುದ್ದಿ ಎನ್ನುವ ಕಾಲ ಇದು.

ನಮ್ಮ ಕಾಲೇಜಿಗೆ ಹೋಗುವ ದಾರಿ ಬಹಳ ಇಕ್ಕಟ್ಟಾಗಿದ್ದಿತು. ಕಾಲುದಾರಿ ಎಂಬುದೇ ಇಲ್ಲ. ಒಂದು ಬದಿಗೆ ಕಾಂಪೌಂಡು ಗೋಡೆ, ಇನ್ನೊಂದು ಬದಿಗೆ ಐದು ಹಳೆಯ ಮರಗಳು, ನಡುವೆ ನೀರಿನ ಲಾರಿಗಳು. ಎರಡು ವರ್ಷಗಳ ಹಿಂದೆ ನಮ್ಮ ವಿದ್ಯಾರ್ಥಿನಿಯೊಬ್ಬಳು ಅಲ್ಲಿ ಲಾರಿಗೆ ದಾರಿ ಬಿಡಲು ಹೋಗಿ ಚರಂಡಿಗೆ ಬಿದ್ದು ಕಾಲು ಮುರಿದುಕೊಂಡಳು. ಆ ವರ್ಷ ದಾರಿಯನ್ನು ಅಗಲ ಮಾಡಿಸಬೇಕೆಂದು ಒಂದು ಅರ್ಜಿ ಹೋಯಿತು. ಅದಕ್ಕೆ ಸಹಿ ಮಾಡಿದವರಲ್ಲಿ ನಾನೂ ಒಬ್ಬನು. ಅರ್ಜಿಯ ಒಕ್ಕಣೆಯೂ ನನ್ನದೇ. ಇದನ್ನು ಮೊದಲೇ ಹೇಳಿಬಿಡುವುದು ನ್ಯಾಯ. ಏಕೆಂದರೆ ಮುಂದೆ ಬರುವ ಕಥೆಯಲ್ಲಿ ಮರದ ಪರವಾಗಿ ಕಣ್ಣೀರು ಸುರಿಸುವ ಯೋಗ್ಯತೆ ನನಗೆ ಅಷ್ಟಾಗಿ ಇಲ್ಲ.

ಅರ್ಜಿಗೆ ಉತ್ತರವಾಗಿ ಕಳೆದ ಬೇಸಗೆಯಲ್ಲಿ ಐದು ಮರಗಳ ಮೈಮೇಲೆಯೂ ಕೆಂಪು ಬಣ್ಣದ ಅಂಕಿಗಳು ಮೂಡಿದವು. ಹುಣಸೆಮರಕ್ಕೆ ಐದನೆಯ ಅಂಕಿ. ಅದರ ನೆರಳಿನಲ್ಲಿ ಎಳನೀರು ಮಾರುವ ಅಜ್ಜಿ ಆ ಅಂಕಿಯನ್ನು ತೋರಿಸಿ, “ನೀವೇ ಬರೆಸಿದ್ದಂತೆ, ಮೇಷ್ಟ್ರೇ?” ಎಂದು ಕೇಳಿದರು. ದಾರಿಗಾಗಿ ಎಂದೆನು. “ದಾರಿ ಬೇಕು, ಬೇಡ ಅನ್ನೋಕಾಗುತ್ತಾ? ಆದ್ರೆ ಇದರಲ್ಲಿರೋರನ್ನ ನೋಡಿದೀರಾ?” ಎಂದರು. ಹಕ್ಕಿಗಳೇ ಎಂದು ಕೇಳಿದೆನು. “ಹಕ್ಕಿ ಹಾರಿಕೊಂಡು ಹೋಗ್ತವೆ. ಗೌಳಿ ಇದಾವೆ. ಮನೇದಲ್ಲ, ಮರದ್ದು. ಹಗಲು ಕಾಣಲ್ಲ. ರಾತ್ರಿ ದೀಪ ತಗೊಂಡು ಬನ್ನಿ.”

ಹಗಲಿನಲ್ಲಿ ನಾನು ಎಷ್ಟು ಹುಡುಕಿದರೂ ಕಾಣಲಿಲ್ಲ. ರಾತ್ರಿ ಎಂಟರ ಸುಮಾರಿಗೆ ಮಗಳನ್ನು ಕರೆದುಕೊಂಡು ಟಾರ್ಚು ಹಿಡಿದು ಹೋದೆನು. ತೊಗಟೆಯ ಒಂದು ಬಿರುಕಿನ ಬಳಿ ತೊಗಟೆಯ ತುಣುಕೇ ಅಲುಗಿದಂತೆ ತೋರಿತು. ಬೂದುಬಣ್ಣ, ಅದರ ಮೇಲೆ ಅಡ್ಡಡ್ಡಲಾಗಿ ಕಪ್ಪು ಅಲೆಗಳು, ತಲೆ ಕೆಳಗೆ, ಬಾಲ ಮೇಲೆ. ಒಂದು ಗೇಣಿಗೆ ತುಸು ಕಡಿಮೆ ಉದ್ದ. ಅದು ಅಲುಗದೆ ಇದ್ದಾಗ ಮಗಳು “ಎಲ್ಲಿ ಅಪ್ಪಾ?” ಎನ್ನುವಳು, ಅಲುಗಿದಾಗ ನಾನೂ ಅವಳೂ ಒಟ್ಟಿಗೆ “ಅಗೋ!” ಎನ್ನುವೆವು. ಆ ರಾತ್ರಿ ಒಂದೇ ಮರದಲ್ಲಿ ಏಳನ್ನು ಎಣಿಸಿದೆವು. ಮೂರು ವರ್ಷಗಳಿಂದ ದಿನಕ್ಕೆ ಎರಡು ಬಾರಿ ಆ ಮರದ ಕೆಳಗೆ ಹಾದುಹೋದವನು ನಾನು!

ಈ ಪ್ರಾಣಿಗೆ ಶಾಸ್ತ್ರಜ್ಞರು ಇಟ್ಟಿರುವ ಹೆಸರು ಹೆಮಿಡ್ಯಾಕ್ಟೈಲಸ್ ಲೆಶೆನೋಲ್ಟಿ. ಲೆಶೆನೊ ಎಂಬ ಫ್ರೆಂಚ್ ನಿಸರ್ಗವಿಜ್ಞಾನಿ ಆಸ್ಟ್ರೇಲಿಯದ ಕಡಲಯಾನವನ್ನು ಮುಗಿಸಿ, ಆಮೇಲೆ ಪುದುಚೇರಿಯ ಸಸ್ಯೋದ್ಯಾನವನ್ನು ನೋಡಿಕೊಳ್ಳುತ್ತ ದಕ್ಷಿಣ ಹಿಂದೂಸ್ಥಾನದಲ್ಲಿಯೂ ಸಿಂಹಳದಲ್ಲಿಯೂ ಗಿಡಮೂಲಿಕೆ, ಜೀವಜಂತುಗಳನ್ನು ಸಂಗ್ರಹಿಸಿದನು. ಅವನು 1826ರಲ್ಲಿ ತೀರಿಕೊಂಡನು. ಹತ್ತು ವರ್ಷಗಳ ಅನಂತರ, 1836ರಲ್ಲಿ, ಡ್ಯುಮೆರಿಲ್ ಮತ್ತು ಬಿಬ್ರಾನ್ ಎಂಬ ವಿದ್ವಾಂಸರು ಈ ಹಲ್ಲಿಯನ್ನು ವರ್ಣಿಸಿ ಅವನ ಹೆಸರನ್ನು ಅದಕ್ಕೆ ಕೊಟ್ಟರು. ಹೆಮಿಡ್ಯಾಕ್ಟೈಲಸ್ ಎಂದರೆ ಗ್ರೀಕ್ ಭಾಷೆಯಲ್ಲಿ ‘ಅರ್ಧ ಬೆರಳು’. ನಮ್ಮ ಮನೆಯ ಗೋಡೆಯ ಹಲ್ಲಿಯೂ ಇದೇ ಕುಲದ್ದು. ಅಜ್ಜಿ ಹೇಳಿದ ‘ಮರದ ಗೌಳಿ’ ಎಂಬ ಹೆಸರಿನಲ್ಲಿ ಇವೆಲ್ಲಕ್ಕಿಂತ ಹೆಚ್ಚು ಅರ್ಥವಿದೆ ಎಂದು ನನಗೆ ತೋರುತ್ತದೆ.

ಬೆಂಗಳೂರಿಗೂ ಹಲ್ಲಿಗಳಿಗೂ ಶಾಸ್ತ್ರದಲ್ಲಿ ಹಳೆಯ ನಂಟು. ಮದರಾಸಿನ ಸೈನ್ಯದಲ್ಲಿ ವೈದ್ಯನಾಗಿದ್ದ ಜೆರ್ಡನ್ ಎಂಬವನು 1853ರಲ್ಲಿ ಬೆಂಗಳೂರಿನಲ್ಲಿ ಸಿಕ್ಕ ಒಂದು ಪುಟ್ಟ ಹಲ್ಲಿಯನ್ನು ವರ್ಣಿಸಿ ಅದಕ್ಕೆ ಮೈಸೂರಿನ ಹೆಸರನ್ನು ಇಟ್ಟನು. 1870ರಲ್ಲಿ ಬೆಡ್ಡೋಮ್ ಎಂಬವನು ನೆಲದ ಮೇಲೆ ಬಾಳುವ ಇನ್ನೊಂದು ಹಲ್ಲಿಗೆ ನಮ್ಮ ಕೊಳ್ಳೇಗಾಲದ ಹೆಸರನ್ನು ಕೊಟ್ಟನು. ರೇಷ್ಮೆಗೆ ಹೆಸರಾದ ಊರು ಹಲ್ಲಿಗೂ ಹೆಸರನ್ನು ಕೊಟ್ಟಿದೆ ಎಂಬುದನ್ನು ಎಷ್ಟು ಮಂದಿ ಬಲ್ಲರು!

ಈಗ ಹಲ್ಲಿಯ ಮೈಕಟ್ಟಿನ ವಿಚಾರ. ಮರದ ಮೇಲೆ ತಲೆಕೆಳಗಾಗಿಯೂ ಓಡಾಡಬಲ್ಲ ಈ ಪ್ರಾಣಿಯ ಚಮತ್ಕಾರವನ್ನು ಎರಡು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಅರಿಸ್ಟಾಟಲನು ಗಮನಿಸಿದ್ದನು. ಮರಕುಟಿಗ ಹಕ್ಕಿಯ ಓಡಾಟವನ್ನು ವರ್ಣಿಸುವಾಗ ಅವನಿಗೆ ಹೋಲಿಕೆಗೆ ಒದಗಿದ್ದು ಹಲ್ಲಿಯೇ. ಆ ಚಮತ್ಕಾರದ ಗುಟ್ಟು ಮಾತ್ರ ಬಹುಕಾಲ ತಿಳಿಯಲಿಲ್ಲ. ಹಲ್ಲಿಯ ಕಾಲಿನಲ್ಲಿ ಅಂಟು ಇದೆ ಎಂದು ಕೆಲವರೂ, ಗಾಳಿಯನ್ನು ಹೀರಿ ಹಿಡಿಯುವ ಬಟ್ಟಲಿದೆ ಎಂದು ಕೆಲವರೂ ಊಹಿಸಿದರು. ಎರಡೂ ನಿಜವಲ್ಲ. ಹಲ್ಲಿಯ ಬೆರಳಿನ ಅಡಿಯಲ್ಲಿ ಮಡಿಕೆ ಮಡಿಕೆಯಾಗಿ ಪಟ್ಟಿಗಳಿವೆ. ಪಟ್ಟಿಗಳ ತುಂಬ ನಮ್ಮ ಕೂದಲಿಗಿಂತ ಎಷ್ಟೋ ಪಾಲು ತೆಳುವಾದ ನವಿರುಗಳು. ಒಂದೊಂದರ ಉದ್ದ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ಟೋಕೆ ಎಂಬ ದೊಡ್ಡ ಹಲ್ಲಿಯ ಒಂದು ಪಾದದಲ್ಲಿ ಇಂಥವು ಸುಮಾರು 5,00,000 ಇವೆ. ಪ್ರತಿಯೊಂದು ನವಿರಿನ ತುದಿಯೂ ಮತ್ತೆ ನೂರಾರು ಕವಲುಗಳಾಗಿ ಒಡೆಯುತ್ತದೆ. ಈ ತುದಿಗಳು ತೊಗಟೆಗೆ ಎಷ್ಟು ಹತ್ತಿರ ಬರುತ್ತವೆಂದರೆ, ಅಣುವಿಗೂ ಅಣುವಿಗೂ ನಡುವೆ ಇರುವ ಅತಿ ದುರ್ಬಲವಾದ ಸೆಳೆತವೇ ಅವನ್ನು ಹಿಡಿದು ನಿಲ್ಲಿಸುತ್ತದೆ. ಒಂದರ ಸೆಳೆತ ಲೆಕ್ಕಕ್ಕಿಲ್ಲ. ಕೋಟಿಗಟ್ಟಲೆ ಸೇರಿದರೆ ಹಲ್ಲಿ ಬೀಳುವಂತಿಲ್ಲ. ಅಮೆರಿಕದ ವಿಜ್ಞಾನಿಗಳು 2000ದಲ್ಲಿ ಒಂದೇ ಒಂದು ನವಿರಿನ ಹಿಡಿತವನ್ನು ಅಳೆದು, 2002ರಲ್ಲಿ ಅದರ ಕಾರಣವನ್ನು ಸ್ಥಿರಪಡಿಸಿದರು.

ಹಾಗೆ ಅಂಟಿಕೊಂಡ ಕಾಲನ್ನು ಬಿಡಿಸಿಕೊಳ್ಳುವುದು ಹೇಗೆ? ಹಲ್ಲಿ ಬೆರಳಿನ ತುದಿಯನ್ನು ಮೇಲಕ್ಕೆ ಮಡಿಸುತ್ತದೆ. ನವಿರುಗಳ ಓರೆ ಬದಲಾದೊಡನೆ ಹಿಡಿತ ತಾನೇ ಸಡಿಲುತ್ತದೆ. ನಾವು ಗೋಡೆಯ ಕಾಗದವನ್ನು ಒಂದು ಮೂಲೆಯಿಂದ ಸುಲಿಯುವುದಿಲ್ಲವೆ, ಹಾಗೆ. ಇನ್ನೂ ಒಂದು ವಿಶೇಷವಿದೆ. ನಮ್ಮ ದಾರಿಯ ಕೆಂಪು ಧೂಳು ಯಾರ ಕಾಲನ್ನೂ ಬಿಟ್ಟಿಲ್ಲ. ಆದರೆ ಹಲ್ಲಿಯ ಪಾದಕ್ಕೆ ಮೆತ್ತಿದ ಧೂಳು ಅದು ಕೆಲವು ಹೆಜ್ಜೆ ಇಟ್ಟರೆ ತಾನಾಗಿಯೇ ಉದುರುತ್ತದೆ. ಇದನ್ನು 2005ರಲ್ಲಿ ಪ್ರಯೋಗದಿಂದ ತೋರಿಸಿದರು.

ಮರದ ಹಲ್ಲಿಯ ಕಣ್ಣಿಗೆ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಒಂದು ಪಾರದರ್ಶಕವಾದ ಪೊರೆ. ಅದರ ಮೇಲೆ ಧೂಳು ಕುಳಿತರೆ ನಾಲಗೆಯಿಂದ ನೆಕ್ಕಿ ಒರಸಿಕೊಳ್ಳುತ್ತದೆ. ನನ್ನ ಮಗಳಿಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಇದೇ; ತನಗೂ ಬರುತ್ತದೆಯೋ ಎಂದು ಕನ್ನಡಿಯ ಮುಂದೆ ನಿಂತು ಎರಡು ದಿನ ಪ್ರಯತ್ನಿಸಿದಳು. ಹಗಲಿನಲ್ಲಿ ಹಲ್ಲಿಯ ಕಣ್ಣಿನ ಪಾಪೆ ನೆಟ್ಟಗಿನ ಗೀರಾಗಿ ಮುಚ್ಚಿಕೊಳ್ಳುತ್ತದೆ, ಇರುಳಿನಲ್ಲಿ ಅಗಲವಾಗಿ ತೆರೆಯುತ್ತದೆ. ಮಂದವಾದ ಬೆಳದಿಂಗಳಿನಲ್ಲಿ ನಮಗೆ ಲೋಕವೆಲ್ಲ ಬೂದಿಯ ಬಣ್ಣ. ಹಲ್ಲಿಯ ಒಂದು ಜಾತಿ ಅಷ್ಟು ಬೆಳಕಿನಲ್ಲಿಯೂ ಬಣ್ಣಗಳ ಭೇದವನ್ನು ಗುರುತಿಸುವುದೆಂದು ಸ್ವೀಡನ್ನಿನ ವಿಜ್ಞಾನಿಗಳು 2004ರಲ್ಲಿ ಪರೀಕ್ಷಿಸಿ ತಿಳಿಸಿದರು.

ಇದರ ಆಹಾರ ಹುಳುಹುಪ್ಪಟೆ: ಪತಂಗ, ಗೆದ್ದಲು, ಮಿಡತೆ, ಜೀರುಂಡೆ. ದೊಡ್ಡ ಹಲ್ಲಿ ಸಣ್ಣ ಹಲ್ಲಿಯನ್ನು ನುಂಗುವುದೂ ಉಂಟು. ಮರದಲ್ಲಿ ರಾಮರಾಜ್ಯವಿದೆ ಎಂದು ನಾನು ಹೇಳಲಾರೆ. ಶತ್ರು ಹಿಡಿದರೆ ಬಾಲವನ್ನು ಬಿಟ್ಟು ಓಡುತ್ತದೆ. ಬಾಲದ ಬೆನ್ನುಮೂಳೆಯ ಗಂಟುಗಳಲ್ಲಿಯೇ ಕಳಚಿಕೊಳ್ಳಲು ಅನುಕೂಲವಾದ ಸೀಳುಗೆರೆಗಳಿವೆ. ಮತ್ತೆ ಬೆಳೆಯುವ ಬಾಲದಲ್ಲಿ ಮೂಳೆಯ ಗಂಟುಗಳು ಇರುವುದಿಲ್ಲ, ಮೃದ್ವಸ್ಥಿಯ ಒಂದು ಕೊಳವೆ ಮಾತ್ರ ಇರುತ್ತದೆ. ಕಳೆದುಕೊಂಡದ್ದು ಹಾಗೆಯೇ ಹಿಂದಿರುಗಿ ಬಾರದೆಂಬುದಕ್ಕೆ ಹಲ್ಲಿಯ ಬಾಲವೂ ಸಾಕ್ಷಿ.

ಹಲ್ಲಿ ಮೂಲತಃ ಒಣಭೂಮಿಗೆ ಹೇಳಿ ಮಾಡಿಸಿದ ಪ್ರಾಣಿ. ಜಗತ್ತಿನಲ್ಲಿ 2,000ಕ್ಕೂ ಹೆಚ್ಚು ಜಾತಿಯ ಹಲ್ಲಿಗಳಿವೆ. ಅವುಗಳಲ್ಲಿ ಎಷ್ಟೋ ಜಾತಿಗಳು ಮರುಭೂಮಿಯಲ್ಲಿ ಬಾಳುತ್ತವೆ. ಮರುಭೂಮಿಯಲ್ಲಿ ಮರವೆಲ್ಲಿ ಎಂದು ವಾಚಕರು ಕೇಳಬಹುದು. ಮಧ್ಯ ಏಷ್ಯದ ಮರಳುಗಾಡಿನಲ್ಲಿ ಸಾಕ್ಸೌಲ್ ಎಂಬ ಗಂಟು ಗಂಟಾದ ಮರವಿದೆ. ಅದರ ಕಾಂಡದಲ್ಲಿ ನಮ್ಮ ಮರಗೌಳಿಯಂತೆಯೇ ಬೂದುಬಣ್ಣದ ಒಂದು ಸಣ್ಣ ಹಲ್ಲಿ ಬಾಳುತ್ತದೆ. ಅದರ ಬೆರಳಿಗೆ ಪಟ್ಟಿಗಳಿಲ್ಲ, ಉಗುರಿನಿಂದಲೇ ತೊಗಟೆಯನ್ನು ಹಿಡಿಯಬೇಕು. ಆಸ್ಟ್ರೇಲಿಯದ ಒಳನಾಡಿನ ಪೊದೆಗಳಲ್ಲಿ ವಾಸಿಸುವ ಇನ್ನೊಂದು ಹಲ್ಲಿ, ಕೆಣಕಿದವರ ಮೇಲೆ ಬಾಲದಿಂದ ಅಂಟಾದ ದ್ರವವನ್ನು ಚಿಮ್ಮಿಸುತ್ತದೆ. ನೂರಾರು ಹರದಾರಿ ಬಯಲಿನಲ್ಲಿ ಒಂದು ಮರವೆಂದರೆ ನೆರಳು, ಆಹಾರ, ಅಡಗುತಾಣ, ಸೂತಿಕಾಗೃಹ ಎಲ್ಲವೂ ಅದೇ.

ವೈಟ್‌ಫೀಲ್ಡು ಮರುಭೂಮಿಯಲ್ಲ, ಆದರೆ ಕೋಲಾರದ ಕಡೆಗೆ ಮೈಚಾಚಿದ ಒಣಬಯಲಿನ ಅಂಚು ಇದು. ಮರುಭೂಮಿಯ ಹಲ್ಲಿ ಬಳಸುವ ಉಪಾಯಗಳನ್ನೇ ನಮ್ಮ ಹಲ್ಲಿಯೂ ಬಳಸುತ್ತದೆ. ಅದಕ್ಕೆ ಸಾಕ್ಷಿ ಪ್ರತಿಯೊಬ್ಬ ಗೃಹಿಣಿಯೂ ಬೈಯುತ್ತ ಗುಡಿಸುವ ಹಲ್ಲಿಯ ಹಿಕ್ಕೆಯಲ್ಲಿಯೇ ಇದೆ. ಕಪ್ಪು ಹಿಕ್ಕೆಯ ತುದಿಯಲ್ಲಿ ಒಂದು ಬಿಳಿಯ ಚುಕ್ಕೆ ಇರುವುದನ್ನು ನೋಡಿರುತ್ತೀರಿ. ಅದೇ ಅದರ ಮೂತ್ರ. ನೀರನ್ನು ಹೊರಕ್ಕೆ ಚೆಲ್ಲದೆ, ಕಶ್ಮಲವನ್ನು ಯೂರಿಕ್ ಆಮ್ಲದ ಗಟ್ಟಿ ಹರಳನ್ನಾಗಿ ಮಾಡಿ ಹೊರಹಾಕುವುದು ಹಲ್ಲಿಯ ಜಾಣ್ಮೆ. ಹಗಲಿನ ಬಿಸಿಲಿನಲ್ಲಿ ಬಿರುಕಿನೊಳಗೆ ಅಡಗಿ ಇರುಳಿನಲ್ಲಿ ಹೊರಡುವುದು ಇನ್ನೊಂದು ಜಾಣ್ಮೆ. ಮೊಟ್ಟೆಯದು ಮೂರನೆಯದು. ಅನೇಕ ಸರೀಸೃಪಗಳ ಮೊಟ್ಟೆ ತೊಗಲಿನಂತೆ ಮೆತ್ತಗಿದ್ದು ನೆಲದ ತೇವವನ್ನು ಹೀರಬೇಕಾಗುತ್ತದೆ. ಹಲ್ಲಿಯ ಮೊಟ್ಟೆಗೆ ಸುಣ್ಣದ ಗಟ್ಟಿ ಚಿಪ್ಪು. ಒಳಗಿನ ನೀರು ಬೇಗನೆ ಆರದು. ಆದ್ದರಿಂದಲೇ ಒಣ ತೊಗಟೆಯ ಸಂದಿನಲ್ಲಿಯೂ ಮರಿ ಬದುಕುತ್ತದೆ. ಒಂದು ಸಲಕ್ಕೆ ಇಡುವುದು ಎರಡೇ ಮೊಟ್ಟೆ. ಸೆಖೆ ಇದ್ದಂತೆ, ಒಂದೂವರೆ ಎರಡು ತಿಂಗಳಿಗೆ ಮರಿಯಾಗುತ್ತದೆ. ತಾಯಿ ಕಾವು ಕೊಡುವುದಿಲ್ಲ, ಮರವೇ ಕಾಯಬೇಕು.

ನಾವು ಹುಣಸೆಮರವನ್ನು ನೋಡಲು ಹೋದ ನಾಲ್ಕನೆಯ ರಾತ್ರಿ, ಆಳೆತ್ತರದಲ್ಲಿದ್ದ ಒಂದು ಪೊಟರೆಯೊಳಗೆ ಅಂಥ ಎರಡು ಮೊಟ್ಟೆಗಳು ಕಂಡವು. ಬಟಾಣಿಗಿಂತ ತುಸು ದೊಡ್ಡವು, ಸುಣ್ಣದಷ್ಟು ಬೆಳ್ಳಗೆ.

ಮರುದಿನ ತರಗತಿಯಲ್ಲಿ ಈ ವಿಷಯವನ್ನು ಹೇಳಿದೆನು. ಒಬ್ಬ ಹುಡುಗ ಎದ್ದು, “ಮರ ಹೋದರೆ ಅವು ಗೋಡೆಗೆ ಹೋಗಬಾರದೇಕೆ, ಸಾರ್? ಹಲ್ಲಿ ತಾನೆ?” ಎಂದನು. ಪ್ರಶ್ನೆ ತಕ್ಕದ್ದೇ. ಮರದ ಹಲ್ಲಿ ಗೋಡೆಯನ್ನು ಏರಲಾರದ್ದಲ್ಲ. ಹಳೆಯ ಮನೆಗಳಲ್ಲಿಯೂ ಅದು ಕಾಣಸಿಗುತ್ತದೆ. ಆದರೆ ತೊಗಟೆಯ ಮೇಲೆ ಅದನ್ನು ಅಡಗಿಸುವ ಬೂದುಬಣ್ಣವೇ ಸುಣ್ಣದ ಗೋಡೆಯ ಮೇಲೆ ಅದನ್ನು ಬೆಕ್ಕಿಗೂ ಕಾಗೆಗೂ ಎತ್ತಿ ತೋರಿಸುತ್ತದೆ. ಗೋಡೆಯಲ್ಲಿ ಮೊದಲೇ ಮನೆಹಲ್ಲಿಗಳು ಹಕ್ಕುದಾರರಾಗಿ ಕುಳಿತಿರುತ್ತವೆ. ಗಂಡುಹಲ್ಲಿ ತನ್ನ ಸೀಮೆಗೆ ಇನ್ನೊಂದು ಗಂಡನ್ನು ಬಿಟ್ಟುಕೊಳ್ಳುವುದಿಲ್ಲ. ಇಷ್ಟನ್ನು ಹೇಗೋ ಗೆದ್ದುಕೊಂಡೀತೆಂದೇ ಇಟ್ಟುಕೊಳ್ಳೋಣ. ಮೊಟ್ಟೆಗಳಿಗೆ ಕಾಲಿಲ್ಲವಷ್ಟೆ?

ನಮ್ಮ ರಾಜ್ಯದಲ್ಲಿ ಮರಗಳ ಸಂರಕ್ಷಣೆಗೆಂದು 1976ರಲ್ಲಿಯೇ ಕಾನೂನು ಆಗಿದೆ. ಅಪ್ಪಣೆಯಿಲ್ಲದೆ ಮರವನ್ನು ಕಡಿಯುವಂತಿಲ್ಲ. ಕಡಿದಲ್ಲಿ ಬೇರೆ ಸಸಿಗಳನ್ನು ನೆಡಬೇಕೆಂಬ ಆಶಯವೂ ಅದರಲ್ಲಿದೆ. ನಮ್ಮ ಐದು ಮರಗಳಿಗೂ ಅಪ್ಪಣೆಯಾಗಿದ್ದಿತು. ಪಟ್ಟಿಯಲ್ಲಿ ಮರದ ಜಾತಿ, ಸುತ್ತಳತೆ ಎಲ್ಲವೂ ಇದ್ದವು. ಅದರಲ್ಲಿ ವಾಸವಾಗಿರುವವರ ಅಂಕಣವೊಂದು ಇರಲಿಲ್ಲ. ಯಾರನ್ನು ದೂರಲಿ? ಅರ್ಜಿಯನ್ನು ಬರೆಯುವಾಗ ನನಗೂ ಅದು ಹೊಳೆದಿರಲಿಲ್ಲ.

ಎರಡು ವಾರ ಕಳೆದ ಮೇಲೆ ಮೇಸ್ತ್ರಿಯೂ ಅವನ ಆಳುಗಳೂ ಬಂದರು. ಮೊದಲು ಹುಣಸೆಯ ಕೊಂಬೆಗೇ ಹಗ್ಗ ಬಿದ್ದಿತು. ಒಂದು ರೆಂಬೆಯನ್ನು ಕೊಯ್ದು ಕೆಳಗೆ ಇಳಿಸುತ್ತಿದ್ದಾಗ, ತೊಗಟೆಯೊಳಗಿದ್ದ ಒಂದು ಹಲ್ಲಿ ಮೇಸ್ತ್ರಿಯ ಹೆಗಲ ಮೇಲೆ ತಟಕ್ಕನೆ ಬಿದ್ದು, ಬೆನ್ನಿನಿಂದ ಇಳಿದು ಮಾಯವಾಯಿತು. ಮೇಸ್ತ್ರಿಯ ಮುಖ ಸಪ್ಪಗಾಯಿತು. ಗರಗಸವನ್ನು ಕೆಳಗಿಟ್ಟು ನನ್ನ ಬಳಿಗೆ ಬಂದನು. “ಸಾರ್, ನೀವು ಓದಿದೋರು. ಪಂಚಾಂಗ ನೋಡಿರ್ತೀರಿ. ಎಡ ಹೆಗಲ ಮೇಲೆ ಬಿದ್ರೆ ಏನು ಫಲ?”

ವಾಚಕರು ಬಲ್ಲರು: ಪಂಚಾಂಗದಲ್ಲಿ ಹಲ್ಲಿ ಬಿದ್ದ ಫಲವೆಂದು ಒಂದು ಪುಟವೇ ಇರುತ್ತದೆ. ತಲೆಯ ಮೇಲೆ ಬಿದ್ದರೆ ಒಂದು ಫಲ, ತೋಳಿನ ಮೇಲೆ ಬಿದ್ದರೆ ಇನ್ನೊಂದು. ಗಂಡಸಿಗೆ ಒಂದು ಲೆಕ್ಕ, ಹೆಂಗಸಿಗೆ ಒಂದು ಲೆಕ್ಕ. ದೋಷಪರಿಹಾರಕ್ಕೆಂದು ಕಂಚಿಯ ವರದರಾಜಸ್ವಾಮಿಯ ಗುಡಿಯಲ್ಲಿ ಚಿನ್ನ ಬೆಳ್ಳಿಯ ಹಲ್ಲಿಗಳನ್ನು ಮುಟ್ಟಿ ಬರುವವರು ಇಂದಿಗೂ ಸಾವಿರಾರು ಮಂದಿ. ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ ನಮ್ಮ ತಾಯಿಯವರು ನೆಲವನ್ನು ಬೆರಳಿನಿಂದ ತಟ್ಟಿ “ಕೃಷ್ಣ ಕೃಷ್ಣ” ಎನ್ನುತ್ತಿದ್ದರು. ಹಲ್ಲಿ ಲೊಚಗುಟ್ಟುವುದು ನಮಗೆ ಭವಿಷ್ಯವನ್ನು ಹೇಳಲಿಕ್ಕಲ್ಲ, ತನ್ನ ಸೀಮೆಯನ್ನೂ ಸಂಗಾತಿಯನ್ನೂ ಕುರಿತ ಮಾತು ಅದು ಎಂಬುದನ್ನು ನಾನು ಅವರಿಗೆ ಹೇಳಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಹಲ್ಲಿಗೆ ವಿಷವಿದೆ ಎಂಬ ನಂಬಿಕೆಯೂ ಅಂಥದೇ. ಯಾವ ಹಲ್ಲಿಗೂ ವಿಷವಿಲ್ಲ. ಹಲ್ಲಿ ಬಿದ್ದ ಅನ್ನವನ್ನು ಚೆಲ್ಲುವುದು ಒಳ್ಳೆಯದೇ. ಆದರೆ ಅದಕ್ಕೆ ಕಾರಣ ಅದರ ಮೈಯಲ್ಲಿಯೂ ಹಿಕ್ಕೆಯಲ್ಲಿಯೂ ಇರಬಹುದಾದ ಸಾಲ್ಮೊನೆಲ್ಲಾ ಎಂಬ ರೋಗಾಣು.

ಹೀಗೆ ಹತ್ತು ವರ್ಷಗಳಿಂದ ಮೂಢನಂಬಿಕೆಯ ವಿರುದ್ಧ ಭಾಷಣ ಮಾಡಿದ ನನಗೆ ಆ ಕ್ಷಣದಲ್ಲಿ ಬಂದ ಆಸೆಯನ್ನು ಹೇಳಲು ನಾಚಿಕೆಯಾಗುತ್ತದೆ. “ಬಹಳ ಕೆಟ್ಟದ್ದು, ಈ ಮರವನ್ನು ಮುಟ್ಟಬೇಡ” ಎಂದು ಒಂದು ಮಾತು ಹೇಳಿದ್ದರೆ ಸಾಕಾಗಿದ್ದಿತು. ಮೇಸ್ತ್ರಿ ಕೈಮುಗಿದು ಹೊರಟುಹೋಗುತ್ತಿದ್ದನು. ಸುಳ್ಳೊಂದು ನಾಲಗೆಯ ತುದಿಯವರೆಗೂ ಬಂದಿತು. ಪಕ್ಕದಲ್ಲಿ ನನ್ನ ಮಗಳು ನಿಂತಿದ್ದಳು.

“ಫಲ ಏನೂ ಇಲ್ಲಪ್ಪ. ಅದರ ಪಾಡಿಗೆ ಅದು ಬಿದ್ದಿದೆ” ಎಂದೆನು.

ಮೇಸ್ತ್ರಿಗೆ ಸಮಾಧಾನವಾಗಲಿಲ್ಲ. “ಸುಮ್ಮಸುಮ್ಮನೆ ಬೀಳುತ್ತಾ ಸಾರ್, ಹಲ್ಲಿ?”

“ಸುಮ್ಮನೆ ಬಿದ್ದಿಲ್ಲ. ಅದರ ಮನೆಯನ್ನು ಕೀಳುತ್ತಿದ್ದೇವೆ, ಅದಕ್ಕೆ ಬಿದ್ದಿದೆ. ಮೊಟ್ಟೆಗಳೂ ಇವೆ, ನೋಡು ಬಾ” ಎಂದು ಪೊಟರೆಯನ್ನು ತೋರಿಸಿದೆನು.

ಅವನು ಬಗ್ಗಿ ಬಹಳ ಹೊತ್ತು ನೋಡಿದನು. ಊರಿನಲ್ಲಿ ತನ್ನ ಹೆಂಡತಿಗೆ ದಿನ ತುಂಬಿದೆ ಎಂದು ಯಾರೂ ಕೇಳದೆಯೇ ಹೇಳಿದನು. ಆಮೇಲೆ ಆಳುಗಳ ಕಡೆಗೆ ತಿರುಗಿ, “ಇದನ್ನ ಕೊನೇಗೆ ಇಟ್ಕೊಳ್ಳೋಣ. ಮೊದಲು ಆ ನಾಲ್ಕು ಮುಗಿಸ್ರೋ” ಎಂದನು. ನನ್ನ ಕಡೆಗೆ ನೋಡಿ, “ಹದಿನೈದು ಇಪ್ಪತ್ತು ದಿವಸ ಸಾರ್. ಅದರ ಮೇಲೆ ನನ್ನ ಕೈಲಿಲ್ಲ” ಎಂದನು.

ಅವನು ಕೊಟ್ಟದ್ದು ಹತ್ತೊಂಬತ್ತು ದಿನಗಳು. ಪ್ರತಿ ರಾತ್ರಿಯೂ ಮಗಳೂ ನಾನೂ ಹೋಗಿ ನೋಡುತ್ತಿದ್ದೆವು. ಪರೀಕ್ಷೆಯ ಫಲಿತಾಂಶಕ್ಕೂ ನಾನು ಅಷ್ಟು ಕಾತರದಿಂದ ಕಾದವನಲ್ಲ. ಹದಿನಾರನೆಯ ರಾತ್ರಿ ಎರಡು ಚಿಪ್ಪುಗಳೂ ಒಡೆದು ಬರಿದಾಗಿದ್ದವು. ತುಸು ಮೇಲೆ, ಎರಡು ಅಂಗುಲಕ್ಕೂ ಕಡಿಮೆ ಉದ್ದದ ಒಂದು ಮರಿ ತಲೆಕೆಳಗಾಗಿ ನಿಂತು, ನಮ್ಮ ದೀಪಕ್ಕೆ ಬಂದ ಸೊಳ್ಳೆಯೊಂದನ್ನು ಗುರಿಯಿಟ್ಟು ನೋಡುತ್ತಿದ್ದಿತು. ಯಾರೂ ಕಲಿಸದೆ ಬಂದ ವಿದ್ಯೆ! ಎರಡನೆಯ ಮರಿಯನ್ನು ನಾವು ಕಾಣಲಿಲ್ಲ.

ಇಪ್ಪತ್ತನೆಯ ದಿನ ಮರ ಉರುಳಿತು.

ಈಗ ದಾರಿ ಅಗಲವಾಗಿದೆ. ಒಂದು ಬದಿಗೆ ಕಾಲುದಾರಿ ಬಂದಿದೆ. ಕಾಲು ಮುರಿದುಕೊಂಡಿದ್ದ ಹುಡುಗಿ ಅದರ ಮೇಲೆ ನಡೆದು ಬಂದು ಕಡೆಯ ವರ್ಷದ ಪರೀಕ್ಷೆಯನ್ನು ಬರೆದಳು. ಅದನ್ನು ನೋಡಿ ನನಗೆ ಸಂತೋಷವಾಯಿತು. ಆ ಸಂತೋಷವನ್ನು ಮುಚ್ಚಿಡುವುದಿಲ್ಲ. ಕಡಿದ ಐದು ಮರಗಳಿಗೆ ಬದಲಾಗಿ ಸಾಲಾಗಿ ಸಸಿಗಳನ್ನು ನೆಟ್ಟು ಕಬ್ಬಿಣದ ಬೇಲಿ ಕಟ್ಟಿದ್ದಾರೆ. ಲೆಕ್ಕಕ್ಕೆ ಐದರ ಬದಲು ಇಪ್ಪತ್ತಾಗಿದೆ. ಆದರೆ ಸಸಿಯ ತೊಗಟೆ ಮಗುವಿನ ಕೆನ್ನೆಯಂತೆ ನುಣುಪು. ಅದರಲ್ಲಿ ಬಿರುಕಿಲ್ಲ, ಪೊಟರೆಯಿಲ್ಲ. ಹಲ್ಲಿಯೊಂದು ಹಗಲು ಕಳೆಯುವಷ್ಟು ಸಂದು ಅದರಲ್ಲಿ ಆಗಬೇಕಾದರೆ ಹಲವು ಮಳೆಗಾಲಗಳು ಕಳೆಯಬೇಕು. ಮರದ ವಯಸ್ಸೆಂದರೆ ಬರಿಯ ಎತ್ತರವಲ್ಲ, ಅದರ ಬಿರುಕುಗಳೂ ಹೌದು ಎಂಬುದನ್ನು ಆ ಬೇಲಿಗಳ ಮುಂದೆ ನಿಂತಾಗ ಅರಿತೆನು.

ಇನ್ನು ಮುಂದೆ ಯಾವ ಮರದ ವಿಷಯವಾಗಿ ಅರ್ಜಿ ಬರೆಯಬೇಕಾಗಿ ಬಂದರೂ, ಮೊದಲು ಒಂದು ರಾತ್ರಿ ದೀಪ ಹಿಡಿದು ಅದರ ಸುತ್ತ ಬರುತ್ತೇನೆಂದು ಮನಸ್ಸಿನಲ್ಲಿ ನಿಶ್ಚಯಿಸಿದ್ದೇನೆ. ದಾರಿಯ ಗೆರೆಯನ್ನು ಎರಡು ಮೊಳ ಈಚೆಗೆ ಎಳೆಯಲು ಸಾಧ್ಯವಿದ್ದರೆ ಅದನ್ನು ಕೇಳುವ ಹೊತ್ತು ಗೆರೆ ಎಳೆಯುವ ಮೊದಲು, ಕೆಂಪು ಅಂಕಿ ಮೂಡಿದ ಮೇಲಲ್ಲ. ಅದೂ ಆಗದಿದ್ದರೆ ಮೊಟ್ಟೆ ಒಡೆಯುವವರೆಗಾದರೂ ತಡೆಯುವಂತೆ ಕೇಳಬಹುದು. ಓದುಬರಹ ಅಷ್ಟಾಗಿ ಇಲ್ಲದ ಒಬ್ಬ ಮೇಸ್ತ್ರಿ ಯಾವ ಕಾನೂನೂ ಹೇಳದೆಯೇ ಅಷ್ಟನ್ನು ಮಾಡಿದನು. ಅವನು ಮಾಡಿದ್ದು ಶಕುನದ ಭಯದಿಂದಲೋ ಮೊಟ್ಟೆಯ ಮೇಲಿನ ಕರುಣೆಯಿಂದಲೋ ನಾನು ಕೇಳಲಿಲ್ಲ. ಮುಂದಿನ ತಿಂಗಳು ಅವನಿಗೆ ಹೆಣ್ಣುಮಗುವಾಯಿತೆಂದು ಆಳೊಬ್ಬನಿಂದ ತಿಳಿಯಿತು.

ತರಗತಿಯಲ್ಲಿ ಈ ವರ್ಷವೂ ಗಾದೆಗಳ ಪಾಠ ಬಂದಿತು. ಹುಡುಗರು ಎಂದಿನಂತೆ ನಕ್ಕರು. ಹಲ್ಲಿ ಬಚ್ಚಲಿಗೆ ಬಿದ್ದದ್ದು ಏಕೆ ಇರಬಹುದೆಂದು ಈ ಸಲ ನಾನು ಅವರನ್ನು ಕೇಳಿದೆನು. ಗೋಡೆಗೆ ಹೋಗಬಾರದೇಕೆ ಎಂದು ಹಿಂದೆ ಕೇಳಿದ್ದ ಹುಡುಗನೇ ಎದ್ದು, “ಅದು ನಿಂತಿದ್ದ ಜಾಗವನ್ನು ಯಾರೋ ಕೆಡವಿರಬೇಕು, ಸಾರ್” ಎಂದನು. ಅವನಿಗೆ ನಾನು ಅಂಕ ಕೊಡುವುದಾದರೆ ಪೂರ್ತಿ ಕೊಡುತ್ತಿದ್ದೆನು.

ಎಳನೀರಿನ ಅಜ್ಜಿ ಈಗ ದಾರಿಯ ತಿರುವಿನಲ್ಲಿರುವ ಹೊಂಗೆಯ ಮರದಡಿಗೆ ಅಂಗಡಿಯನ್ನು ಸಾಗಿಸಿದ್ದಾರೆ. ಮೊನ್ನೆ ಸಂಜೆ ನನ್ನನ್ನು ಕಂಡೊಡನೆ ಕತ್ತಿಯನ್ನು ಕೆಳಗಿಟ್ಟು ಮರದ ಕಡೆಗೆ ಬೆರಳು ತೋರಿಸಿದರು. “ಇಲ್ಲೂ ಒಂದು ಬಂದು ಸೇರಿಕೊಂಡಿದೆ, ಮೇಷ್ಟ್ರೇ. ನಮ್ಮ ಮರದ್ದೋ, ಬೇರೆಯದೋ ಕಾಣೆ. ರಾತ್ರಿ ಮಗೂನ ಕರಕೊಂಡು ಬನ್ನಿ.”